ವಿಮಾನದ ಪ್ರೊಪೆಲರು ಎಷ್ಟು ದೊಡ್ಡದಿರಬೇಕು?

2020ರ ಫೆಬ್ರವರಿ 7ರಂದು ಬೀದರದಿಂದ ಬೆಂಗಳೂರಿಗೆ ಪ್ರಯಾಣಿಕರ ವಿಮಾನ ಸಂಚಾರ ಆರಂಭವಾಯಿತು. ಅದನ್ನು ನೋಡಿಬಂದ ಹುಮನಾಬಾದಿನ ವಿದ್ಯಾರ್ಥಿಯೊಬ್ಬನು ತರಗತಿಯಲ್ಲಿ ಎದ್ದು ನಿಂತು, "ಸರ್, ಆ ವಿಮಾನದ ಫ್ಯಾನು ಎರಡಾಳಿಗಿಂತ ಎತ್ತರವಿತ್ತು. ಇನ್ನೂ ದೊಡ್ಡದು ಮಾಡಿದ್ದರೆ ಇನ್ನೂ ಬೇಗ ಹೋಗುತ್ತಿತ್ತಲ್ಲವೆ?" ಎಂದು ಕೇಳಿದನು. ಉಳಿದವರು ನಕ್ಕರು. ಆದರೆ ಅವನ ಪ್ರಶ್ನೆಯಲ್ಲಿ ಅರ್ಧ ಸತ್ಯ ಅಡಗಿತ್ತು.

ಪ್ರೊಪೆಲರನ್ನು ಫ್ಯಾನೆಂದುದು ತಪ್ಪಲ್ಲ. ನಮ್ಮ ತಲೆಯ ಮೇಲಿನ ಫ್ಯಾನು ಗಾಳಿಯನ್ನು ಕೆಳಕ್ಕೆ ನೂಕುತ್ತದೆ; ನ್ಯೂಟನ್ನನ ಮೂರನೆಯ ನಿಯಮದಂತೆ ಗಾಳಿಯು ಫ್ಯಾನನ್ನು ಮೇಲಕ್ಕೆ ನೂಕುತ್ತದೆ. ಪ್ರೊಪೆಲರು ಗಾಳಿಯನ್ನು ಹಿಂದಕ್ಕೆ ತಳ್ಳಿ ವಿಮಾನವನ್ನು ಮುಂದಕ್ಕೆ ಒಯ್ಯುವುದೂ ಹೀಗೆಯೇ. ಅದರ ಒಂದೊಂದು ಅಲಗೂ ಸುತ್ತುವ ಒಂದು ಪುಟ್ಟ ರೆಕ್ಕೆ. ಬುಡಕ್ಕಿಂತ ತುದಿ ಬಹು ವೇಗವಾಗಿ ಓಡುವುದರಿಂದ ಅಲಗನ್ನು ಉದ್ದಕ್ಕೂ ತಿರುಚಿರುತ್ತಾರೆ.

ಈಗ ಸಣ್ಣ ಲೆಕ್ಕವೊಂದನ್ನು ಮಾಡಿ ನೋಡೋಣ. ನಿಂತ ವಿಮಾನದ ಪ್ರೊಪೆಲರು ಸೆಕೆಂಡಿಗೆ 10 ಕಿಲೋಗ್ರಾಂ ಗಾಳಿಗೆ 20 ಮೀಟರ್ ವೇಗ ಕೊಟ್ಟರೂ, 20 ಕಿಲೋಗ್ರಾಂ ಗಾಳಿಗೆ 10 ಮೀಟರ್ ವೇಗ ಕೊಟ್ಟರೂ ದೊರೆಯುವ ನೂಕುಬಲ ಒಂದೇ: 200 ನ್ಯೂಟನ್. ಆದರೆ ಚಲನಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದರಿಂದ ಮೊದಲನೆಯದಕ್ಕೆ ಸೆಕೆಂಡಿಗೆ 2000 ಜೂಲ್ ವ್ಯಯವಾದರೆ, ಎರಡನೆಯದಕ್ಕೆ 1000 ಸಾಕು. ಹೆಚ್ಚು ಗಾಳಿಯನ್ನು ಮೆಲ್ಲನೆ ತಳ್ಳುವುದೇ ಲಾಭ. ಅದಕ್ಕೆ ವ್ಯಾಸ ದೊಡ್ಡದಿರಬೇಕು. ಇಲ್ಲಿಯವರೆಗೆ ಹುಡುಗನ ಮಾತೇ ಸರಿ.

ತೊಡಕಿರುವುದು ಅಲಗಿನ ತುದಿಯಲ್ಲಿ. ಅಂದು ಬೀದರದಿಂದ ಹಾರಿದುದು ಎ.ಟಿ.ಆರ್.-72 ವಿಮಾನ. ಅದರ ಪ್ರೊಪೆಲರಿನ ವ್ಯಾಸ 3.93 ಮೀಟರ್, ಪೂರ್ಣ ವೇಗದಲ್ಲಿ ನಿಮಿಷಕ್ಕೆ 1200 ಸುತ್ತು, ಅಂದರೆ ಸೆಕೆಂಡಿಗೆ 20. ಪರಿಧಿಯನ್ನು 20ರಿಂದ ಗುಣಿಸಿದರೆ ತುದಿಯ ವೇಗ ಸೆಕೆಂಡಿಗೆ 247 ಮೀಟರ್. ನೆಲದ ಬಳಿ ಶಬ್ದದ ವೇಗ ಸುಮಾರು 340. ಹಾರುವಾಗ ವಿಮಾನದ ಮುನ್ನಡೆಯೂ ಇದರೊಡನೆ ಕೂಡುತ್ತದೆ, ಲಂಬಕೋನ ತ್ರಿಭುಜದ ಕರ್ಣದಂತೆ. ಸೆಕೆಂಡಿಗೆ 140 ಮೀಟರ್ ಸಾಗುವಾಗ ಇದೇ ಸುತ್ತಿನಲ್ಲಿ ತುದಿಯ ವೇಗ 284 ಆದೀತು. ಎತ್ತರದ ತಣ್ಣನೆಯ ಗಾಳಿಯಲ್ಲಿ ಶಬ್ದದ ವೇಗವೂ ತಗ್ಗುವುದರಿಂದ ಅಂತರ ಇನ್ನೂ ಕಿರಿದಾಗುತ್ತದೆ. ಮೇಲೇರಿದ ಬಳಿಕ ಸುತ್ತುಗಳನ್ನು ಇಳಿಸುವುದು ವಾಡಿಕೆ.

ಹುಡುಗನ ಇಚ್ಛೆಯಂತೆ ವ್ಯಾಸವನ್ನು ಇಮ್ಮಡಿಸಿ ಅಷ್ಟೇ ಸುತ್ತು ತಿರುಗಿಸಿದರೆ ತುದಿಯು 494 ಮೀಟರ್ ವೇಗದಲ್ಲಿ ಶಬ್ದವನ್ನೂ ಹಿಂದಿಕ್ಕುವುದು. ಆಗ ಆಘಾತ ತರಂಗಗಳೆದ್ದು ಗಾಳಿಯ ಎಳೆತ ಏರುತ್ತದೆ, ನೂಕುಬಲ ಕುಂದುತ್ತದೆ, ಗದ್ದಲವಂತೂ ಹೇಳತೀರದು. ಇದನ್ನು ಕಿವಿಯಾರೆ ಕೇಳಿದವರೂ ಉಂಟು. 1955ರಲ್ಲಿ ಅಮೆರಿಕದವರು ಹಾರಿಸಿದ ಎಕ್ಸ್.ಎಫ್.-84ಎಚ್ ಎಂಬ ವಿಮಾನದ ಅಲಗುಗಳ ತುದಿ ಶಬ್ದಾತೀತವಾಗಿತ್ತು. ನೆಲದ ಮೇಲೆ ಅದರ ಸಮೀಪ ದುಡಿಯುತ್ತಿದ್ದವರಿಗೆ ಆ ಗದ್ದಲದಿಂದ ವಾಕರಿಕೆ ಬರುತ್ತಿತ್ತು. ಪ್ರಯೋಗವನ್ನು ಕೈಬಿಡಲಾಯಿತು.

ಹಾಗಾದರೆ ಎಂಜಿನ್ನಿನ ಬಲ ಹೆಚ್ಚಿದಾಗ ಮಾಡುವುದೇನು? ಒಂದು ಉಪಾಯ, ಅಲಗುಗಳನ್ನು ಹೆಚ್ಚಿಸುವುದು. 1951ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಕಾರ್ಖಾನೆಯಿಂದ ಹೊರಬಿದ್ದ ಎಚ್.ಟಿ.-2 ತರಬೇತಿ ವಿಮಾನದ 155 ಅಶ್ವಶಕ್ತಿಗೆ ಎರಡು ಅಲಗು ಸಾಕಾಗಿದ್ದವು, ಎ.ಟಿ.ಆರ್.-72ರ ಒಂದೊಂದು ಎಂಜಿನ್ನಿಗೆ 2700ಕ್ಕೂ ಮಿಕ್ಕಿ ಅಶ್ವಶಕ್ತಿ, ಅಲಗುಗಳು ಆರು. ಎರಡನೆಯ ಉಪಾಯ, ಹಲ್ಲುಚಕ್ರಗಳಿಂದ ಸುತ್ತನ್ನು ತಗ್ಗಿಸುವುದು. ಆ ಎಂಜಿನ್ನಿನ ಟರ್ಬೈನು ನಿಮಿಷಕ್ಕೆ ಸುಮಾರು 20,000 ಸುತ್ತು ತಿರುಗುತ್ತದೆ. ಪ್ರೊಪೆಲರನ್ನು ನೇರವಾಗಿ ಅದಕ್ಕೇ ಬಿಗಿದರೆ ತುದಿಯ ವೇಗ ಶಬ್ದದ ಹನ್ನೆರಡು ಪಟ್ಟಾಗುತ್ತಿತ್ತು! ಲೋಹವೇ ಅದನ್ನು ತಾಳಲಾರದು.

ನೆಲದ ಅಡ್ಡಿಯೂ ಒಂದುಂಟು. ಅಲಗು ಓಡುದಾರಿಗೆ ತಗಲಬಾರದಷ್ಟೆ. ಎ.ಟಿ.ಆರ್.ನ ರೆಕ್ಕೆ ಒಡಲಿನ ಮೇಲ್ಗಡೆ ಇರುವುದರಿಂದ ಎಂಜಿನ್ನಿಗೆ ಎತ್ತರದ ಸ್ಥಳ ಸಿಕ್ಕಿತು. ಎರಡನೆಯ ಮಹಾಯುದ್ಧದ ಕೋರ್ಸೇರ್ ವಿಮಾನದ ಪ್ರೊಪೆಲರು 4 ಮೀಟರಿಗೂ ಮಿಗಿಲು. ಚಕ್ರದ ಕಾಲುಗಳನ್ನು ಉದ್ದ ಮಾಡದೆ ಅದನ್ನು ನೆಲದಿಂದ ಮೇಲಿರಿಸಲು ರೆಕ್ಕೆಯನ್ನೇ ಬಗ್ಗಿಸಬೇಕಾಯಿತು.

ಬೀದರದ ಆ ಎ.ಟಿ.ಆರ್. ಸೇವೆ ಅನಂತರ ನಿಂತುಹೋಯಿತು. 2022ರಲ್ಲಿ ಬಂದುದು ಜೆಟ್ ವಿಮಾನ. ಅಂದಿನ ತರಗತಿಯಲ್ಲಿ ಮಾತ್ರ ಪ್ರಶ್ನೆ ಕೇಳಿದ ಹುಡುಗನೇ ಕರಿಹಲಗೆಯ ಬಳಿ ಬಂದು ತಲೆಯ ಮೇಲಿನ ಫ್ಯಾನಿನ ಲೆಕ್ಕ ಹಾಕಿದನು: ವ್ಯಾಸ 1.2 ಮೀಟರ್, ನಿಮಿಷಕ್ಕೆ 300 ಸುತ್ತು. ತುದಿಯ ವೇಗ ಸೆಕೆಂಡಿಗೆ 19 ಮೀಟರ್.