ಮೂರು ಹುಣಸೆಬೀಜ ಹಿಡಿದುಕೊಟ್ಟ ತಪ್ಪು

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದೆ ಲೋಕಲ್‌ನಲ್ಲಿ ನಿಂತುಕೊಂಡೇ ಓದೋರಿಗಾಗಿ, ಈ ವಾರದ ಮಾತು ಬರಹದಲ್ಲಿ.

ಕೆಲವು ವರ್ಷಗಳ ಹಿಂದಿನ ಕಥೆ. ಹಳೇ ಕಂಪನಿಗೆ ರಾಜೀನಾಮೆ ಕೊಟ್ಟಾಗಿತ್ತು. ನೋಟಿಸ್ ಪೀರಿಯಡ್‌ನಲ್ಲಿ ಹನ್ನೆರಡೇ ದಿನ ಬಾಕಿ. ಡೊಂಬಿವ್ಲಿ ಮನೆಯ ಬಾಡಿಗೆ ಕರಾರು ಆಗಷ್ಟೇ ಹೊಸದು ಮಾಡಿಸಿದ್ದೆ. ಥಾಣೆಯಲ್ಲಿ ಗಾಡಿ ಬದಲಿಸಿ ಐರೋಲಿಗೆ ಇಂಟರ್‌ವ್ಯೂಗೆ ಹೋದೆ. ಪ್ರಶ್ನೆ: ‘ಗೇಮ್ ಆಫ್ ಲೈಫ್’ ಕೋಡ್ ಬರೆಯಿರಿ. ಇಪ್ಪತ್ತು ನಿಮಿಷದಲ್ಲಿ ಬರೆದೆ, ಓಡಿಸಿದೆ, ಸರಿ ಬಂತು. ಎದುರಿಗಿದ್ದವರು ಕೇಳಿದ್ದು ಒಂದೇ ಮಾತು: “ಬ್ಲಿಂಕರ್ ಹಾಕಿ ನೋಡಿದ್ರಾ?” ಹಾಕಿದೆ. ಕೆಲಸ ಸಿಗಲಿಲ್ಲ.

ಏನಾಯ್ತು ಅಂತ ತಿಳಿಯೋಕೆ ಚೌಕಾಬಾರದ ಮಣೆ ಸಾಕು. 5×5, ಒಟ್ಟು 25 ಮನೆ. ಪ್ರತಿ ಮನೆಗೂ ಸುತ್ತ 8 ನೆರೆಮನೆ (ಮೂಲೆಯವನ್ನೂ ಸೇರಿಸಿ, ಮಣೆಯಾಚೆ ಎಲ್ಲ ಖಾಲಿ ಅಂದ್ಕೊಳ್ಳಿ). ಬೀಜ ಇರೋ ಮನೆಗೆ ಜೀವ ಇದೆ. ಕೇಂಬ್ರಿಡ್ಜ್‌ನ ಗಣಿತಜ್ಞ ಜಾನ್ ಕಾನ್ವೇ ಮಾಡಿದ ನಿಯಮ ಎರಡೇ ಸಾಲು. ಜೀವ ಇರೋ ಮನೆಗೆ 2 ಅಥವಾ 3 ಜೀವಂತ ನೆರೆಮನೆ ಇದ್ರೆ ಅದು ಉಳಿಯುತ್ತೆ, ಇಲ್ಲದಿದ್ರೆ ಸಾಯುತ್ತೆ. ಖಾಲಿ ಮನೆಗೆ ಸರಿಯಾಗಿ 3 ಇದ್ರೆ ಅಲ್ಲಿ ಜೀವ ಹುಟ್ಟುತ್ತೆ. 1970ರ ಅಕ್ಟೋಬರ್‌ನಲ್ಲಿ ಮಾರ್ಟಿನ್ ಗಾರ್ಡ್ನರ್ ‘ಸೈಂಟಿಫಿಕ್ ಅಮೆರಿಕನ್’ ಅಂಕಣದಲ್ಲಿ ಬರೆದ ಮೇಲೆ ಇದು ಲೋಕಪ್ರಸಿದ್ಧ ಆಯ್ತು.

ಈಗ ನಡುಸಾಲಿನಲ್ಲಿ ಅಡ್ಡಡ್ಡ ಮೂರು ಬೀಜ ಇಡಿ. ತುದಿಯ ಎರಡಕ್ಕೂ ಒಂದೊಂದೇ ನೆರೆ, ಹಾಗಾಗಿ ಸಾಯ್ತವೆ. ನಡುವಿನದು ಉಳಿಯುತ್ತೆ. ಅದರ ಮೇಲೆ, ಕೆಳಗೆ ಹೊಸದಾಗಿ ಹುಟ್ಟುತ್ತೆ. ಅಡ್ಡ ಇದ್ದದ್ದು ಉದ್ದ ಆಯ್ತು, ಮುಂದಿನ ಸಲ ಮತ್ತೆ ಅಡ್ಡ. ಇದೇ ಬ್ಲಿಂಕರ್. ಹೀಗೆ ಬದಲಾಗ್ತಾ ಮತ್ತೆ ಮೊದಲಿನ ರೂಪಕ್ಕೇ ಬರೋ ವಿನ್ಯಾಸಕ್ಕೆ ಆಸಿಲೇಟರ್ ಅಂತಾರೆ. ಎಷ್ಟು ಹೆಜ್ಜೆಗೆ ವಾಪಸ್ ಬರುತ್ತೋ ಅದು ಅದರ ಅವಧಿ. ಬ್ಲಿಂಕರ್‌ನದು 2.

ನನ್ನ ಕೋಡ್‌ನಲ್ಲಿ ಬಂದದ್ದು ಮೂರಲ್ಲ, ನಾಲ್ಕು ಬೀಜ. ಮೇಲಿನ ಸಾಲಲ್ಲಿ ಎರಡು, ನಡುಸಾಲಲ್ಲಿ ಎರಡು, ಅವೆರಡರ ಮಧ್ಯೆ ಒಂದು ತೂತು. ಕಾರಣ ಇಷ್ಟೆ: ನಾನು ಒಂದೇ ಮಣೆ ಮೇಲೆ ಎಡದಿಂದ ಬಲಕ್ಕೆ ತಿದ್ದುತ್ತಾ ಹೋಗಿದ್ದೆ. ಮೇಲಿನ ಸಾಲಿನ ನಡುಮನೆಯಲ್ಲಿ ಜೀವ ಹುಟ್ಟಿತು, ಅದು ಸರಿ. ಆದ್ರೆ ಅದರ ಬಲಗಡೆ ಮನೆ ಎಣಿಸುವಾಗ, ಈಗಷ್ಟೇ ಹುಟ್ಟಿದ ಆ ಕೂಸನ್ನೂ ಸೇರಿಸಿ 3 ಅಂತ ಲೆಕ್ಕ ಹಾಕಿತು. ಹಳೇ ತಲೆಮಾರೂ ಹೊಸ ತಲೆಮಾರೂ ಕಲಸಿಹೋದವು.

ಹಾಗಾದ್ರೆ ಮೊದಲು ಸರಿ ಬಂದದ್ದು ಹೇಗೆ? ನಾನು ಪರೀಕ್ಷೆಗೆ ಹಾಕಿದ್ದು 2×2 ಬ್ಲಾಕ್. ಅದು ಯಾವತ್ತೂ ಬದಲಾಗದ ವಿನ್ಯಾಸ. ಅಲ್ಲಿ ಹುಟ್ಟೋದೂ ಇಲ್ಲ, ಸಾಯೋದೂ ಇಲ್ಲ, ಆದ್ದರಿಂದ ತಪ್ಪು ಕೋಡ್ ಕೂಡ ಪಾಸ್.

ಆ ಭಾನುವಾರ ಮನೆಯಲ್ಲಿ ಮಗಳ ಜೊತೆ ಇದನ್ನೇ ಬೀಜ ಇಟ್ಟು ಆಡಿದೆ. ಎರಡನೇ ಸಾಲಿಗೆ ಬರೋಷ್ಟರಲ್ಲಿ ಅವಳು ಕೇಳಿದಳು: “ಅಪ್ಪಾ, ಈಗ ಹುಟ್ಟಿದ್ದನ್ನ ಎಣಿಸಬೇಕಾ, ಬೇಡ್ವಾ?” ಐರೋಲಿಯಲ್ಲಿ ನಾನು ಕೇಳಿಕೊಳ್ಳಬೇಕಿದ್ದ ಪ್ರಶ್ನೆ ಅದೇ. ಉಪಾಯ ಸುಲಭ: ಹುಟ್ಟೋ ಮನೆಗೆ ಕಡಲೆಕಾಳು ಇಡಿ, ಸಾಯೋ ಬೀಜದ ಮೇಲೆ ಇನ್ನೊಂದು ಬೀಜ ಇಡಿ. ಎಣಿಸುವಾಗ ಕಡಲೆಕಾಳನ್ನ ಬಿಟ್ಟುಬಿಡಿ, ಜೋಡಿಬೀಜ ಒಂದೇ ಲೆಕ್ಕ. ಇಡೀ ಮಣೆ ಮುಗಿದ ಮೇಲೆ ಒಟ್ಟಿಗೆ ಬದಲಿಸಿ. ಕೋಡ್‌ನಲ್ಲಿ ಎರಡು ಅರೇ ಅಥವಾ ಪ್ರತಿ ಮನೆಗೆ ಎರಡು ಬಿಟ್ ಇಡೋದು ಅಂದ್ರೆ ಇದೇ.

ಕ್ರಮ ಎಲ್ಲಾ ಕಡೆ ಮುಖ್ಯ ಅಂತಲ್ಲ. ನಮ್ಮ ಮುಂಬೈನದೇ ಉದಾಹರಣೆ ಇದೆ. ಮರಳುರಾಶಿ ಮಾದರಿಯಲ್ಲಿ ಒಂದು ಮನೆಯಲ್ಲಿ 4 ಕಾಳು ಸೇರಿದ್ರೆ ಅದು ನಾಲ್ಕು ಪಕ್ಕಕ್ಕೆ ಒಂದೊಂದು ಹಂಚುತ್ತೆ. ಯಾವ ಮನೆ ಮೊದಲು ಹಂಚಿದ್ರೂ ಕೊನೆಗೆ ಬರೋ ಸ್ಥಿತಿ ಒಂದೇ ಅಂತ 1990ರಲ್ಲಿ ತೋರಿಸಿದವರು ಕೊಲಾಬಾದ ಟಿಐಎಫ್‌ಆರ್‌ನಲ್ಲಿದ್ದ ದೀಪಕ್ ಧರ್. 2022ರಲ್ಲಿ ಅವರಿಗೆ ಬೋಲ್ಟ್ಸ್‌ಮನ್ ಪದಕ ಬಂತು, ಅದನ್ನ ಪಡೆದ ಮೊದಲ ಭಾರತೀಯ. ಅಲ್ಲಿ ನನ್ನ ಕೋಡ್ ನಡೀತಿತ್ತು. ಇಲ್ಲಿ ನಡೆಯಲ್ಲ.

ಇನ್ನು ಅವಧಿಗಳ ಕಥೆ. ಪಲ್ಸಾರ್‌ನ ಅವಧಿ 3, ಪೆಂಟಾಡೆಕಾಥ್ಲಾನ್‌ನದು 15, ಕ್ವೀನ್ ಬೀ ಶಟಲ್‌ನದು 30. ಹಾಗಾದ್ರೆ ಪ್ರತಿ ಸಂಖ್ಯೆಗೂ ಒಂದೊಂದು ಆಸಿಲೇಟರ್ ಇದೆಯಾ? ದೊಡ್ಡ ಅವಧಿ ಸುಲಭ. ಗ್ಲೈಡರ್ ಅನ್ನೋ ಓಡಾಡೋ ವಿನ್ಯಾಸವನ್ನ ತಿರುಗಿಸೋ ರಚನೆಗಳ ಮಧ್ಯೆ ಸುತ್ತಿಸ್ತಾರೆ. ದಾರಿ ಉದ್ದ ಮಾಡಿದಷ್ಟೂ ಅವಧಿ ಜಾಸ್ತಿ. ಕಷ್ಟ ಚಿಕ್ಕ ಅವಧಿಯದ್ದು. ಥಾಣೆಯಲ್ಲಿ ಟ್ರಾನ್ಸ್ ಹಾರ್ಬರ್ ಗಾಡಿ ಬಂದ ಪ್ಲಾಟ್‌ಫಾರ್ಮ್‌ನಿಂದಲೇ ವಾಪಸ್ ಹೊರಡುತ್ತಲ್ಲ, ಅದು ಖಾಲಿ ಆಗೋವರೆಗೆ ಮುಂದಿನದು ಒಳಗೆ ಬರೋ ಹಾಗಿಲ್ಲ. ತಿರುಗಿಸೋ ರಚನೆಗೂ ಹಾಗೇ ಸುಧಾರಿಸಿಕೊಳ್ಳೋಕೆ ಸಮಯ ಬೇಕು. 1996ರಲ್ಲಿ ಡೇವಿಡ್ ಬಕಿಂಗ್‌ಹ್ಯಾಮ್ 61ರಿಂದ ಮೇಲಿನ ಎಲ್ಲ ಅವಧಿಗೂ ದಾರಿ ಮಾಡಿದ್ರು. 2013ರಲ್ಲಿ ಮೈಕ್ ಪ್ಲೇಲ್ ಕಂಡುಹಿಡಿದ ‘ಸ್ನಾರ್ಕ್’ ಆ ಗಡಿಯನ್ನ 43ಕ್ಕೆ ಇಳಿಸಿತು.

ಅದರ ಕೆಳಗಿನವನ್ನ ಒಂದೊಂದಾಗಿ ಹುಡುಕಬೇಕಾಯ್ತು. ಕೊನೆಗೆ ಉಳಿದದ್ದು 19 ಮತ್ತು 41. 2023ರ ಜುಲೈನಲ್ಲಿ 19ನ್ನ ಮಿಚೆಲ್ ರೈಲಿ, 41ನ್ನ ನಿಕೊ ಬ್ರೌನ್ ಕಂಡುಹಿಡಿದ್ರು. ಅದೇ ಡಿಸೆಂಬರ್‌ನಲ್ಲಿ ಏಳು ಜನರ ಪ್ರಬಂಧ ಹೊರಬಂತು: ಎಲ್ಲ ಅವಧಿಯ ಆಸಿಲೇಟರೂ ಇದೆ. ಎರಡು ಸಾಲಿನ ನಿಯಮ, 53 ವರ್ಷದ ಹುಡುಕಾಟ.

ಇವೆಲ್ಲ ನಮ್ಮಂಥವರ ಕೈಗೆ ಸಿಕ್ಕಿರೋ ಸಿದ್ಧ ಪರೀಕ್ಷೆಗಳು. ಮೂರನೇ ಹೆಜ್ಜೆಗೆ ಪಲ್ಸಾರ್ ಮೊದಲಿನಂತೆ ಬರಲಿಲ್ಲ ಅಂದ್ರೆ ತಪ್ಪು ನಿಮ್ಮ ಕೋಡ್‌ನದು, ವಾದಕ್ಕೆ ಜಾಗ ಇಲ್ಲ. ಈಗ ಆಫೀಸ್‌ನಲ್ಲಿ ಯಾವ ಬ್ಯಾಚ್ ಜಾಬ್ ಬರೆದರೂ ಎರಡು ವಿಷಯ ನೋಡ್ತೀನಿ. ಇದು ಓದ್ತಿರೋದು ಹಳೇ ಡೇಟಾನಾ, ಅರ್ಧ ತಿದ್ದಿದ ಡೇಟಾನಾ? ನನ್ನ ಟೆಸ್ಟ್‌ನಲ್ಲಿ ಏನಾದ್ರೂ ಬದಲಾಗ್ತಿದೆಯಾ, ಅಥವಾ ಅದೂ ಒಂದು ಬ್ಲಾಕ್ ತಾನಾ?

ಮುಂದಿನ ವಾರದವರೆಗೆ ಒಂದು ಮನೆಗೆಲಸ. ದೊಡ್ಡ ಚೌಕುಳಿ ಹಾಳೆ ತಗೊಂಡು ಸಾಲಾಗಿ ಹತ್ತು ಬೀಜ ಇಡಿ, ನಿಯಮದಂತೆ ಆಡ್ತಾ ಹೋಗಿ. ಸ್ವಲ್ಪ ಹೆಜ್ಜೆಗೆ ಅದು ಪೆಂಟಾಡೆಕಾಥ್ಲಾನ್ ಆಗುತ್ತೆ. ಅಲ್ಲಿಂದ 15 ಎಣಿಸಿ. ವಾಪಸ್ ಬರಲಿಲ್ಲ ಅಂದ್ರೆ ಎಲ್ಲೋ ಒಂದು ಕಡಲೆಕಾಳನ್ನೂ ಎಣಿಸಿದ್ದೀರಿ.