ಸರಳೀಕರಣವೂ ಅದರ ಬೆಲೆಯೂ: ಪ್ರಾಧ್ಯಾಪಕ ಭಟ್ನಾಗರರ ಅನ್ವಿತ ಗಣಿತ

ನಿಸರ್ಗದ ಯಾವ ವ್ಯಾಪಾರವೂ ತಾನಿರುವಂತೆಯೇ ಸಮೀಕರಣಕ್ಕೆ ಒಳಪಡುವುದಿಲ್ಲ. ಕೆಲವು ಅಂಶಗಳನ್ನು ಕೈಬಿಡಬೇಕಾಗುತ್ತದೆ, ಕೆಲವನ್ನು ಉಳಿಸಿಕೊಳ್ಳಬೇಕಾಗುತ್ತದೆ. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲಾಗದು ಎಂಬ ವಿವೇಚನೆಯೇ ಅನ್ವಿತ ಗಣಿತದ ಜೀವಾಳ. ನಮ್ಮ ತರಗತಿಗಳಲ್ಲಾದರೋ ವಿದ್ಯಾರ್ಥಿಗಳ ಕೈಗೆ ಬರುವುದು ಸಿದ್ಧ ಸಮೀಕರಣ. ಅದನ್ನು ಬಿಡಿಸುವ ಕ್ರಮವನ್ನು ಅವರು ಕಲಿಯುತ್ತಾರೆಯೇ ಹೊರತು ಅದು ರೂಪುಗೊಂಡ ಬಗೆಯನ್ನು ಅರಿಯುವುದಿಲ್ಲ. ಈ ಕೊರತೆಯನ್ನು ತುಂಬಲು ಪ್ರಾಧ್ಯಾಪಕ ಪ್ರಭುಲಾಲ್ ಭಟ್ನಾಗರ್ ಅವರ ಕೃತಿ ಉತ್ತಮ ನಿದರ್ಶನವಾಗಬಲ್ಲದು.

ಭಟ್ನಾಗರರು 1912ರಲ್ಲಿ ರಾಜಸ್ಥಾನದ ಕೋಟಾ ನಗರದಲ್ಲಿ ಜನಿಸಿದರು. ಅಲಹಾಬಾದಿನಲ್ಲಿ ಸಂಶೋಧನೆ ನಡೆಸಿ, ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಬಹುಕಾಲ ಅಧ್ಯಾಪಕರಾಗಿದ್ದರು. 1952ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ತೆರಳಿದರು. ಅವರಿಗೆ ಜಗತ್ಪ್ರಸಿದ್ಧಿ ತಂದ ಲೇಖನವು ಗ್ರಾಸ್ ಮತ್ತು ಕ್ರೂಕ್ ಎಂಬ ವಿದ್ವಾಂಸರ ಸಹಕರ್ತೃತ್ವದಲ್ಲಿ 1954ರಲ್ಲಿ ಪ್ರಕಟವಾಯಿತು. 1956ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಅನ್ವಿತ ಗಣಿತ ವಿಭಾಗವು ಆರಂಭವಾದಾಗ ಅದನ್ನು ಕಟ್ಟುವ ಹೊಣೆ ಅವರದಾಯಿತು. ಅದೇ ಇಂದಿನ ಗಣಿತ ವಿಭಾಗದ ಮೂಲ. 1969ರಲ್ಲಿ ರಾಜಸ್ಥಾನ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ತೆರಳಿದ ಅವರು 1976ರಲ್ಲಿ ನಿಧನರಾದರು.

ಇನ್ನು ಆ ಲೇಖನದ ವಿಷಯಕ್ಕೆ ಬರೋಣ. ಅನಿಲವೊಂದರ ಅಣುಗಳು ಯಾವ ಸ್ಥಾನದಲ್ಲಿ, ಯಾವ ವೇಗದಲ್ಲಿ, ಎಷ್ಟೆಷ್ಟು ಇವೆ ಎಂಬುದನ್ನು ವಿತರಣ ಫಲನವು ತಿಳಿಸುತ್ತದೆ. ಅದು ಕಾಲಕ್ರಮದಲ್ಲಿ ಬದಲಾಗುವ ರೀತಿಯನ್ನು ನಿರೂಪಿಸುವ ಸಮೀಕರಣವನ್ನು ಬೋಲ್ಟ್ಸ್‌ಮನ್ 1872ರಲ್ಲಿ ಕೊಟ್ಟನು. ಅದರಲ್ಲಿ ಅಣುಗಳ ಸಂಘಟ್ಟನೆಯನ್ನು ಸೂಚಿಸುವ ಪದವು ಐದು ಚರಗಳ ಅನುಕಲ: ಎದುರಾಗುವ ಅಣುವಿನ ವೇಗಕ್ಕೆ ಮೂರು, ಚದರುವ ದಿಕ್ಕಿಗೆ ಎರಡು. ಆ ಸಮೀಕರಣವನ್ನು ಬಿಡಿಸುವುದು ಅತ್ಯಂತ ಕಠಿನ.

ಮೂವರು ಲೇಖಕರೂ ಈ ಅನುಕಲವನ್ನೇ ಕೈಬಿಟ್ಟರು. ಸಂಘಟ್ಟನೆಗಳು ಅನಿಲವನ್ನು ಆಯಾ ಸ್ಥಳದ ಸಮತೋಲ ಸ್ಥಿತಿಯ ಕಡೆಗೆ ಒಯ್ಯುತ್ತವೆ. ಇರುವ ಸ್ಥಿತಿಗೂ ಸಮತೋಲಕ್ಕೂ ನಡುವಣ ಅಂತರ ಎಷ್ಟೋ ಅದಕ್ಕೆ ಅನುಪಾತವಾಗಿ ಬದಲಾವಣೆಯ ದರವಿರುತ್ತದೆ ಎಂದು ಭಾವಿಸಿದರು. ಬಿಸಿ ನೀರು ಆರುವ ಬಗೆಗೆ ನ್ಯೂಟನ್ ಹೇಳಿದ ನಿಯಮದಂತೆಯೇ ಇದು. ಎಲ್ಲೆಡೆಯೂ ಏಕರೂಪವಾಗಿರುವ ಅನಿಲದಲ್ಲಿ, ವಿಶ್ರಾಂತಿಕಾಲವೆಂಬ ಒಂದು ಅವಧಿ ಕಳೆಯುವಷ್ಟರಲ್ಲಿ ಆ ಅಂತರವು ಶೇಕಡಾ 37ಕ್ಕೆ, ಮೂರು ಅವಧಿಗಳಲ್ಲಿ ಶೇಕಡಾ 5ಕ್ಕೆ ಇಳಿಯುತ್ತದೆ.

ಅನುಕಲ ಹೋಯಿತು, ಆದರೆ ದ್ರವ್ಯರಾಶಿ, ಸಂವೇಗ ಮತ್ತು ಶಕ್ತಿಗಳ ಸಂರಕ್ಷಣೆ ಹೋಗಲಿಲ್ಲ. ಸಮತೋಲದ ಫಲನವನ್ನು ಅನಿಲದ ಆ ಕ್ಷಣದ ಸಾಂದ್ರತೆ, ಸರಾಸರಿ ವೇಗ ಮತ್ತು ಉಷ್ಣತೆಗಳಿಗೆ ಹೊಂದಿಸಿದುದೇ ಇದಕ್ಕೆ ಕಾರಣ. ಈ ಹೊಂದಾಣಿಕೆಯಿಂದಾಗಿ ಸಮೀಕರಣವು ನೋಟಕ್ಕೆ ಸರಳವಾದರೂ ಸರಳರೇಖೀಯವಲ್ಲವೆಂಬುದನ್ನು ಓದುಗರು ಗಮನಿಸಬೇಕು.

ಇಷ್ಟರ ಮೇಲೂ ಸರಳೀಕರಣಕ್ಕೆ ಬೆಲೆ ತೆರಲೇಬೇಕು. ಹೀಲಿಯಮ್‌ನಂಥ ಏಕಪರಮಾಣು ಅನಿಲಗಳಲ್ಲಿ ಸ್ನಿಗ್ಧತೆಗೂ ಉಷ್ಣವಾಹಕತೆಗೂ ಇರುವ ಸಂಬಂಧವನ್ನು ಸೂಚಿಸುವ ಪ್ರಾಂಟ್ಲ್ ಸಂಖ್ಯೆಯು ಸುಮಾರು 2/3. ಈ ಮಾದರಿ ಕೊಡುವ ಬೆಲೆ 1. ಇರುವುದೊಂದೇ ವಿಶ್ರಾಂತಿಕಾಲವಾದುದರಿಂದ ಅದನ್ನು ಸ್ನಿಗ್ಧತೆಗೆ ಹೊಂದಿಸಿದರೆ ಉಷ್ಣವಾಹಕತೆ ತಪ್ಪುತ್ತದೆ. ಉಷ್ಣವಾಹಕತೆಗೆ ಹೊಂದಿಸಿದರೆ ಸ್ನಿಗ್ಧತೆ ತಪ್ಪುತ್ತದೆ. ದೋಷವು ಎಲ್ಲಿದೆಯೆಂದು ಸ್ಪಷ್ಟವಾಗಿ ತಿಳಿದಿದ್ದುದರಿಂದಲೇ 1966ರಲ್ಲಿ ಹಾಲ್ವೇ, 1968ರಲ್ಲಿ ಶಾಖೋವ್ ತಿದ್ದಿದ ಮಾದರಿಗಳನ್ನು ರಚಿಸಲು ಸಾಧ್ಯವಾಯಿತು. ಮೂಲ ಮಾದರಿಯೂ ಮೂಲೆಗೆ ಬೀಳಲಿಲ್ಲ. 1990ರ ದಶಕದಿಂದೀಚೆಗೆ ಗಣಕಯಂತ್ರಗಳಲ್ಲಿ ದ್ರವಪ್ರವಾಹವನ್ನು ಲೆಕ್ಕಹಾಕುವ ಜಾಲಕ ಬೋಲ್ಟ್ಸ್‌ಮನ್ ವಿಧಾನದಲ್ಲಿ ಅದು ವ್ಯಾಪಕವಾಗಿ ಬಳಕೆಯಲ್ಲಿದೆ.

ಅಧ್ಯಾಪಕರಿಗೆ ಇದರಿಂದ ದೊರೆಯುವ ಪಾಠವು ಸ್ಪಷ್ಟವಾಗಿದೆ. ಬೋಧನೆಯೂ ಒಂದು ಸರಳೀಕರಣವೇ. ಘರ್ಷಣೆಯಿಲ್ಲದ ಮೇಲ್ಮೈ, ತೂಕವಿಲ್ಲದ ದಾರ, ಸ್ನಿಗ್ಧತೆಯಿಲ್ಲದ ದ್ರವ ಇವಿಲ್ಲದೆ ಪಾಠವು ಸಾಗದು. ಆದರೆ ಪ್ರತಿಯೊಂದು ಸಮೀಕರಣವನ್ನು ಕಪ್ಪುಹಲಗೆಯ ಮೇಲೆ ಬರೆದಾಗಲೂ ಮೂರು ಪ್ರಶ್ನೆಗಳನ್ನು ಕೇಳಬೇಕು: ಇಲ್ಲಿ ಬಿಟ್ಟದ್ದೇನು? ಉಳಿಸಿಕೊಂಡದ್ದೇನು? ಇದು ಎಲ್ಲಿ ಸೋಲುತ್ತದೆ? ಮೂರನೆಯ ಪ್ರಶ್ನೆಯನ್ನು ಎಂದೂ ಕೇಳದ ವಿದ್ಯಾರ್ಥಿಯು ಪರೀಕ್ಷೆಯಲ್ಲಿ ಉತ್ತೀರ್ಣನಾಗಬಹುದು. ಆದರೆ ಮುಂದೆ ತಾನು ಲೆಕ್ಕಹಾಕಿದ ಸೇತುವೆಯನ್ನೋ ವಿಮಾನದ ರೆಕ್ಕೆಯನ್ನೋ ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ಹೇಳಲಾರನು.