ಹಿಂದುಳಿದ ಮಕ್ಕಳಿಗೆ ತ್ವರಿತ ಶಿಕ್ಷಣ

ಐದನೆಯ ತರಗತಿಯ ಬಾಲಕನೊಬ್ಬನಿಗೆ 52ರಿಂದ 27ನ್ನು ಕಳೆಯಲು ಹೇಳೋಣ. ಅವನು 35 ಎಂದು ಬರೆದರೆ ಆಶ್ಚರ್ಯಪಡಬೇಕಾಗಿಲ್ಲ. 2ರಿಂದ 7 ಹೋಗದೆಂದು ಕಂಡು, 7ರಿಂದಲೇ 2ನ್ನು ಕಳೆದುಬಿಟ್ಟಿದ್ದಾನೆ. 52 ಎಂದರೆ ಐದು ಹತ್ತುಗಳು ಮತ್ತು ಎರಡು ಬಿಡಿಗಳು ಎಂಬುದು ಅವನಿಗೆ ಎಂದೂ ಮನದಟ್ಟಾಗಿಲ್ಲ. ಅಂಥವನಿಗೆ ಭಿನ್ನರಾಶಿಗಳನ್ನು ಬೋಧಿಸಹೊರಟರೆ ಫಲವೇನು?

ಇಂಥ ಮಕ್ಕಳ ಸಂಖ್ಯೆ ಅಲ್ಪವಲ್ಲ. 2005ರಲ್ಲಿ ಭಾರತದ ಗ್ರಾಮಗಳಲ್ಲಿ ‘ಅಸರ್’ ಎಂಬ ಸಮೀಕ್ಷೆ ಆರಂಭವಾಯಿತು. ಮನೆಮನೆಗೆ ಹೋಗಿ, ಮಗುವಿನ ಕೈಗೆ ಹಾಳೆಯೊಂದನ್ನಿತ್ತು ಓದಿಸಿ ನೋಡುವುದು ಅದರ ಕ್ರಮ. 2018ರಲ್ಲಿ ಐದನೆಯ ತರಗತಿಯ ನೂರು ಮಕ್ಕಳ ಪೈಕಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ಸುಮಾರು 50 ಮಂದಿ. ಸಾಂಕ್ರಾಮಿಕದಿಂದಾಗಿ ಶಾಲೆಗಳು ದೀರ್ಘಕಾಲ ಮುಚ್ಚಿದ್ದ ಬಳಿಕ, 2022ರಲ್ಲಿ, ಅವರು ಸುಮಾರು 43 ಮಂದಿಗೆ ಇಳಿದರು.

ಇದಕ್ಕೆ ಕಾರಣವೇನು? ಉಪಾಧ್ಯಾಯರು ಆಯಾ ತರಗತಿಯ ಪಠ್ಯವನ್ನು ವರ್ಷದೊಳಗೆ ಮುಗಿಸಬೇಕು. ಕಾಗುಣಿತದಲ್ಲಿ ಎಡವಿದ ಮಗು ಒಂದೊಂದೇ ಅಕ್ಷರವನ್ನು ಕೂಡಿಸಿಕೊಳ್ಳುತ್ತ ಹೋಗುತ್ತದೆ. ವಾಕ್ಯದ ಕೊನೆಯನ್ನು ಮುಟ್ಟುವಷ್ಟರಲ್ಲಿ ಮೊದಲಿನ ಪದ ಅದಕ್ಕೆ ಮರೆತುಹೋಗಿರುತ್ತದೆ. ಮಗು ಅಲ್ಲಿಯೇ ನಿಂತಿರುವಾಗ ಪಾಠ ಮುಂದೆ ಸಾಗುತ್ತದೆ. ವರ್ಷ ಕಳೆದಂತೆ ಅಂತರವೂ ಹಿಗ್ಗುತ್ತದೆ.

ಈ ಅಂತರವನ್ನು ಅಲ್ಪಕಾಲದಲ್ಲಿ ತುಂಬುವ ಯತ್ನವೇ ತ್ವರಿತ ಶಿಕ್ಷಣ. ಇದರಲ್ಲಿ ಪ್ರಸಿದ್ಧವಾದುದು, ಮುಂಬಯಿಯಲ್ಲಿ ಜನ್ಮತಳೆದ ‘ಪ್ರಥಮ್’ ಸಂಸ್ಥೆಯು ರೂಪಿಸಿದ ‘ಮಟ್ಟಕ್ಕೆ ತಕ್ಕ ಬೋಧನೆ’. ಮೊದಲು ಪ್ರತಿಯೊಂದು ಮಗುವನ್ನೂ ಕೆಲವೇ ನಿಮಿಷಗಳಲ್ಲಿ ಪರೀಕ್ಷಿಸುತ್ತಾರೆ: ಅಕ್ಷರ ಬಲ್ಲುದೆ, ಪದ ಬಲ್ಲುದೆ, ಚಿಕ್ಕ ಪರಿಚ್ಛೇದವನ್ನು ಓದೀತೆ, ಕಥೆಯನ್ನು ಓದೀತೆ? ಬಳಿಕ ಮೂರರಿಂದ ಐದನೆಯ ತರಗತಿಗಳವರೆಗಿನ ಮಕ್ಕಳನ್ನು, ತರಗತಿಯನ್ನು ಲೆಕ್ಕಿಸದೆ, ಈ ಮಟ್ಟಗಳಿಗನುಸಾರವಾಗಿ ಗುಂಪುಗೂಡಿಸುತ್ತಾರೆ. ಮಗು ಮುಂದುವರಿದೊಡನೆ ಗುಂಪೂ ಬದಲಾಗುತ್ತದೆ.

ಗಣಿತಕ್ಕೆ ಕಡ್ಡಿಗಳೇ ಸಾಧನ. ಹತ್ತು ಕಡ್ಡಿಗಳ ಐದು ಕಟ್ಟುಗಳನ್ನೂ ಎರಡು ಬಿಡಿ ಕಡ್ಡಿಗಳನ್ನೂ ನಮ್ಮ ಬಾಲಕನ ಮುಂದಿಡೋಣ. ಏಳು ಬಿಡಿಗಳನ್ನು ತೆಗೆಯಲು ಅವನು ಒಂದು ಕಟ್ಟನ್ನು ಬಿಚ್ಚಲೇಬೇಕು. ಆಗ ಬಿಡಿಗಳು ಹನ್ನೆರಡಾಗುತ್ತವೆ. ಏಳನ್ನು ತೆಗೆದರೆ ಐದು. ಉಳಿದ ನಾಲ್ಕು ಕಟ್ಟುಗಳಲ್ಲಿ ಎರಡನ್ನು ತೆಗೆದರೆ ಎರಡು. ಉತ್ತರ 25. ಬಾಯಿಪಾಠವಾಗಿದ್ದ ನಿಯಮದ ಅರ್ಥವು ಕೈಗೇ ತಿಳಿಯಿತು.

ಈ ವಿಧಾನವು ಶಾಸ್ತ್ರೀಯ ಪರೀಕ್ಷೆಗೂ ಒಳಗಾಗಿದೆ. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಿಕವನ್ನು ಹಂಚಿಕೊಂಡ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಅವರು, ಸಹೋದ್ಯೋಗಿಗಳೊಡನೆ, ಚೀಟಿಯೆತ್ತಿದಂತೆ ಆರಿಸಿದ ಶಾಲೆಗಳಲ್ಲಿ ಇದನ್ನು ನಡೆಸಿ, ಉಳಿದ ಶಾಲೆಗಳೊಡನೆ ಹೋಲಿಸಿದರು. 2013–14ರಲ್ಲಿ ಉತ್ತರ ಪ್ರದೇಶದಲ್ಲಿ ಒಟ್ಟು 50 ದಿನಗಳ ಕಲಿಕಾ ಶಿಬಿರಗಳು ನಡೆದವು. ಕೊನೆಗೆ, ಶಿಬಿರ ನಡೆದ ಶಾಲೆಗಳ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಪರಿಚ್ಛೇದವನ್ನಾಗಲಿ ಕಥೆಯನ್ನಾಗಲಿ ಓದಬಲ್ಲವರಾಗಿದ್ದರು. ಉಳಿದ ಶಾಲೆಗಳಲ್ಲಿ ಕಾಲುಭಾಗ ಮಾತ್ರ.

ಆದರೆ ಎಲ್ಲೆಡೆಯೂ ಜಯ ದೊರೆಯಲಿಲ್ಲ. ಬಿಹಾರದಲ್ಲಿ ಉಪಾಧ್ಯಾಯರಿಗೆ ತರಬೇತಿಯನ್ನೂ ಪುಸ್ತಕಗಳನ್ನೂ ಕೊಟ್ಟುದರಿಂದಲೇ ವಿಶೇಷ ಪ್ರಯೋಜನವಾಗಲಿಲ್ಲ. ಶಾಲೆ ನಡೆಯುವ ದಿನಗಳಲ್ಲಿ ಪಠ್ಯವೇ ಅವರನ್ನು ತನ್ನ ಕಡೆಗೆ ಸೆಳೆಯಿತು. ಹರಿಯಾಣದಲ್ಲಿ ದಿನಕ್ಕೊಂದು ಗಂಟೆಯನ್ನು ಇದಕ್ಕೆಂದೇ ಮೀಸಲಿಟ್ಟು, ಆ ಹೊತ್ತಿಗೆ ಮಕ್ಕಳನ್ನು ಮಟ್ಟಕ್ಕನುಗುಣವಾಗಿ ಕೂರಿಸಿದಾಗ, ಅದೇ ಸರ್ಕಾರಿ ಉಪಾಧ್ಯಾಯರಿಂದ ಹಿಂದಿಯ ಓದು ಸುಧಾರಿಸಿತು. ಕೊರತೆಯಿದ್ದುದು ಉಪಾಧ್ಯಾಯರ ಸಾಮರ್ಥ್ಯದಲ್ಲಲ್ಲ, ವ್ಯವಸ್ಥೆಯಲ್ಲಿ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನಮ್ಮ ನಾಡಿಗೂ ಈ ತತ್ತ್ವ ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ ‘ನಲಿಕಲಿ’ಯಲ್ಲಿ, ಕೆಳ ತರಗತಿಗಳ ಮಕ್ಕಳು ಕಲಿಕೆಯ ಏಣಿಯನ್ನು ತಮ್ಮ ತಮ್ಮ ಗತಿಯಲ್ಲಿ ಏರುತ್ತಾರೆ.

ಪರಿಚ್ಛೇದವೊಂದನ್ನು ಓದಿದಮಾತ್ರಕ್ಕೆ ವಿದ್ಯೆ ಪೂರ್ಣವಾಗದು, ನಿಜ. ಆದರೆ ಅದಿಲ್ಲದೆ ಮುಂದಿನ ಯಾವ ವಿದ್ಯೆಯೂ ಒದಗದು. ಈ ಕೆಲಸಕ್ಕೆ ಬೇಕಾದ ಸಾಧನಗಳಾದರೋ ಒಂದು ಹಾಳೆ, ಒಂದು ಹಿಡಿ ಕಡ್ಡಿ ಮತ್ತು ತಾಳ್ಮೆ. ಅನೇಕ ಗ್ರಾಮಗಳಲ್ಲಿ ಸ್ವಯಂಸೇವಕರಾಗಿ ಇದರಲ್ಲಿ ನೆರವಾದವರು ಊರಿನ ವಿದ್ಯಾವಂತ ತರುಣ ತರುಣಿಯರೇ. ನಮ್ಮ ವಾಚಕರಲ್ಲಿ ಹಲವರಿಗೆ ಅದು ಅಸಾಧ್ಯವಾದ ಕೆಲಸವಲ್ಲ.